ಕುಲುಮೆಯ ಊರಿನಲ್ಲಿ ಬ್ರೆಡ್‌ಬೋರ್ಡ್

ಭದ್ರಾವತಿಯ ನ್ಯೂಟೌನ್ ಕ್ವಾರ್ಟರ್ಸ್‌ನಲ್ಲಿ ಬೆಳೆದ ನಮ್ಮ ತಲೆಮಾರಿನವರಿಗೆ ಕೈಕೆಲಸವನ್ನು ಯಾರೂ ಪಾಠ ಎಂದು ಹೇಳಿಕೊಡಲಿಲ್ಲ. ಅದು ಬೀದಿಯಲ್ಲೇ ಸಿಗುತ್ತಿತ್ತು. ಒಂದು ಮನೆಯಲ್ಲಿ ಫಿಟ್ಟರ್, ಪಕ್ಕದ ಮನೆಯಲ್ಲಿ ವೆಲ್ಡರ್, ಎದುರಿಗೆ ಟರ್ನರ್, ಹಿಂದಿನ ಸಾಲಿನಲ್ಲಿ ಮೋಲ್ಡರ್. ಪಾಳಿ ಮುಗಿಸಿ ಬಂದವರು ಸಂಜೆ ಜಗಲಿಯ ಮೇಲೆ ಕೂತು ಸೈಕಲ್ಲಿನ ಫ್ರೀವೀಲ್ ಬಿಚ್ಚುವರು, ಇಸ್ತ್ರಿಪೆಟ್ಟಿಗೆಯ ಎಲಿಮೆಂಟ್ ಬದಲಿಸುವರು, ಟೇಬಲ್ ಫ್ಯಾನಿಗೆ ಎಣ್ಣೆ ಬಿಡುವರು. ಮಕ್ಕಳು ಸುತ್ತ ಕೂತು ಸ್ಕ್ರೂಡ್ರೈವರ್ ಎತ್ತಿಕೊಡುತ್ತಿದ್ದೆವು, ಬಿಚ್ಚಿದ ನಟ್ಟು ಬೋಲ್ಟುಗಳನ್ನು ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದೆವು. ಬಿಚ್ಚಿದ ಕ್ರಮದಲ್ಲಿ ಇಟ್ಟರೆ ಮಾತ್ರ ಮತ್ತೆ ಜೋಡಿಸಬಹುದು ಎಂಬುದೇ ನಾನು ಕಲಿತ ಮೊದಲ ಎಂಜಿನಿಯರಿಂಗ್ ಪಾಠ.

ಊರೇ ಹಾಗೆ ಕಟ್ಟಿದ್ದು. 1918ರಲ್ಲಿ ಮೈಸೂರು ಸಂಸ್ಥಾನ ಭದ್ರಾ ನದಿಯ ದಡದಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದಾಗ ಬೆಂಕಿಪುರ ಎಂಬ ಹಳೇ ಹೆಸರಿನ ಈ ಜಾಗ ಒಂದು ಸಣ್ಣ ಊರು. ಕೆಮ್ಮಣ್ಣುಗುಂಡಿಯಿಂದ ಅದಿರು ಬಂತು, ಮಲೆನಾಡಿನ ಕಾಡಿನಿಂದ ಸೌದೆ ಬಂತು. ಆ ಸೌದೆಯ ಇದ್ದಿಲಿನಿಂದಲೇ 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಆರಂಭದ ಕಷ್ಟದ ವರ್ಷಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಿಂತು ಅದನ್ನು ದಡ ಹತ್ತಿಸಿದರು. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಾಡುವವರು ಬಂದು ನೆಲೆಸಿದರು. ಮನೆಮಾತು ಯಾವುದಾದರೂ ಬೀದಿಯ ಮಾತು ಕನ್ನಡ, ಕಾರ್ಖಾನೆಯ ಮಾತು ಅಳತೆ.

ಅಪ್ಪ ಪ್ಯಾಟರ್ನ್ ಶಾಪಿನಲ್ಲಿದ್ದರು. ಎರಕದ ಅಚ್ಚಿಗೆ ಬೇಕಾದ ಮರದ ಮಾದರಿ ಮಾಡುವುದು ಅವರ ಕೆಲಸ. ಎರಕದ ಕಬ್ಬಿಣ ತಣಿಯುವಾಗ ಅಡಿಗೆ ಸುಮಾರು ಎಂಟನೇ ಒಂದು ಅಂಗುಲ ಕುಗ್ಗುತ್ತದೆ. ಆದ್ದರಿಂದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಅದಕ್ಕೆಂದೇ ಅಪ್ಪನ ಬಳಿ ಬೇರೆ ಅಳತೆಪಟ್ಟಿ ಇತ್ತು. ಅದರ ಅಂಗುಲ ನನ್ನ ಶಾಲೆಯ ಸ್ಕೇಲಿನ ಅಂಗುಲಕ್ಕಿಂತ ಕೂದಲೆಳೆಯಷ್ಟು ಉದ್ದ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ, "ಕಾಗದದ ಲೆಕ್ಕ ಒಂದೇ ಗೊತ್ತಿದ್ರೆ ಸಾಲದು ಮಗಾ, ಕಬ್ಬಿಣ ಹೆಂಗೆ ನಡ್ಕೊಳ್ಳುತ್ತೆ ಅನ್ನೋದೂ ಗೊತ್ತಿರಬೇಕು" ಎನ್ನುತ್ತಿದ್ದರು.

ಎಲೆಕ್ಟ್ರಾನಿಕ್ಸ್ ನನಗೆ ಹತ್ತಿರವಾದದ್ದು ಪಕ್ಕದ ಮನೆಯ ಮಾಮನಿಂದ. ಅವರು ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದವರು, ಮನೆಯಲ್ಲಿ ತಮಿಳು. ಭದ್ರಾವತಿ ಆಕಾಶವಾಣಿ 1965ರಲ್ಲಿ ಶುರುವಾಗಿತ್ತು, 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗದಲ್ಲಿ. ಒಂದು ಬೇಸಿಗೆ ರಜೆಯಲ್ಲಿ ಮಾಮ ರಟ್ಟಿನ ಕೊಳವೆಗೆ ಇನಾಮಲ್ ತಂತಿಯನ್ನು ಒತ್ತೊತ್ತಾಗಿ ಸುತ್ತಿಸಿದರು. ಹಳೇ ರೇಡಿಯೊದಿಂದ ಕಿತ್ತ ಗ್ಯಾಂಗ್ ಕಂಡೆನ್ಸರ್ ಸೇರಿಸಿದರು, ಒಂದು ಜರ್ಮೇನಿಯಂ ಡಯೋಡ್ ಹಾಕಿದರು. ಬಟ್ಟೆ ಒಣಹಾಕುವ ತಂತಿಯೇ ಏರಿಯಲ್, ನಲ್ಲಿಯ ಪೈಪೇ ಅರ್ತ್. ಹೆಡ್‌ಫೋನ್ ಕಿವಿಗೆ ಒತ್ತಿ ಕಂಡೆನ್ಸರಿನ ಗುಬುಟು ತಿರುಗಿಸಿದಾಗ ಎಲ್ಲೋ ದೂರದಿಂದ ಬಂದಂತೆ ಹಾಡು ಕೇಳಿಸಿತು.

"ಬ್ಯಾಟರಿ ಎಲ್ಲಿ ಮಾಮ?"

"ಬ್ಯಾಟರಿ ಬೇಡಮ್ಮ. ಸ್ಟೇಷನ್ನಿನವರು ಹಾಡಿನ ಜೊತೆ ಶಕ್ತಿನೂ ಕಳಿಸ್ತಾ ಇದ್ದಾರೆ."

ಗಾಳಿಯಲ್ಲಿ ಬರುವ ಅಲೆಯಲ್ಲೇ ಕಿವಿಯ ಪರದೆ ನಡುಗಿಸುವಷ್ಟು ಶಕ್ತಿಯಿದೆ, ಸರಿಯಾದ ಸುತ್ತು ಮತ್ತು ಸರಿಯಾದ ಕಂಡೆನ್ಸರ್ ಇದ್ದರೆ ನೂರಾರು ಅಲೆಗಳಲ್ಲಿ ನಮಗೆ ಬೇಕಾದ ಒಂದನ್ನೇ ಆರಿಸಿಕೊಳ್ಳಬಹುದು ಎಂಬ ಸಂಗತಿ ಆ ಮಧ್ಯಾಹ್ನ ನನ್ನೊಳಗೆ ಕೂತುಬಿಟ್ಟಿತು. ಮುಂದೆ ಕಾಲೇಜಿನಲ್ಲಿ ಅನುರಣನದ ಸೂತ್ರ ಬಂದಾಗ ಅದನ್ನು ಉರು ಹೊಡೆಯಬೇಕಾಗಲಿಲ್ಲ. ಕೈ ಆಗಲೇ ಅದನ್ನು ಕಲಿತಿತ್ತು.

ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಓದಿದೆ. ತರಗತಿಯಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಆಮೇಲೆ ಬೆಂಗಳೂರಿನಲ್ಲಿ ಬಹುಕಾಲ ಪರೀಕ್ಷಾ ವಿಭಾಗದಲ್ಲಿ ಕೆಲಸ. ಕೆಟ್ಟ ಬೋರ್ಡುಗಳಲ್ಲಿ ಕೆಟ್ಟದ್ದು ಏನೆಂದು ಹುಡುಕುವುದೇ ಹೊಟ್ಟೆಪಾಡು. ಊರಿಗೆ ಮರಳಿ ಶಿವಮೊಗ್ಗದ ವಿನೋಬನಗರದಲ್ಲಿ ಮನೆ ಮಾಡಿದ ಮೇಲೆ ಎರಡೂ ಊರುಗಳ ಸರ್ಕಾರಿ ಪ್ರೌಢಶಾಲೆಗಳಿಗೆ ಹೋಗಿ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್, ಕೋಡಿಂಗ್, ರೋಬೋಟ್ ಕಟ್ಟುವುದನ್ನು ಕಲಿಸಲು ಶುರುಮಾಡಿದೆ.

ನಾನು ಮರಳಿದ ಭದ್ರಾವತಿ ಬಿಟ್ಟುಹೋದ ಭದ್ರಾವತಿಯಾಗಿರಲಿಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು ನಿಂತುಹೋಗಿದ್ದವು. ಕಬ್ಬಿಣದ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಗಿ, 1998ರಲ್ಲಿ ಅದರೊಳಗೇ ವಿಲೀನವಾಗಿ, ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂದಿತ್ತು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಆ ವರ್ಷವೇ ಕೆಲವು ವಿಭಾಗಗಳು ಮತ್ತೆ ತಿರುಗಿದವು, ನಿಜ. ಆದರೆ ಮೂರು ಪಾಳಿಯಲ್ಲಿ ಸಾವಿರಾರು ಜನ ಒಳಹೋಗಿ ಹೊರಬರುತ್ತಿದ್ದ ಊರು ಅದಾಗಿ ಉಳಿದಿಲ್ಲ. ಕೆಲಸ ಹೋದ ದುಃಖದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನನ್ನು ಹೆಚ್ಚು ಕಾಡಿದ್ದು ಅದರ ಜೊತೆ ಸದ್ದಿಲ್ಲದೆ ಹೋದ ಇನ್ನೊಂದು. ಮಕ್ಕಳು ದೊಡ್ಡವರ ಪಕ್ಕ ಕೂತು ಕೆಲಸ ಕಲಿಯುತ್ತಿದ್ದ ಜಗಲಿಗಳು ಖಾಲಿಯಾದವು. ಕಾರ್ಖಾನೆ ಕಬ್ಬಿಣದ ಜೊತೆಗೆ ಕೈಬಲ್ಲ ಜನರನ್ನೂ ತಯಾರಿಸುತ್ತಿತ್ತು. ಆ ತಯಾರಿ ನಿಂತಾಗ ಯಾವ ಪತ್ರಿಕೆಯಲ್ಲೂ ಸುದ್ದಿಯಾಗಲಿಲ್ಲ.

ಹೀಗಿರುವಾಗ ಶಾಲೆಗಳಿಗೆ ಹೊಸ ಸಾಮಾನು ಬರತೊಡಗಿತ್ತು. 2016ರಲ್ಲಿ ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ ಶುರುವಾಗಿ, ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದವು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ. ಅದರಲ್ಲಿ 10 ಲಕ್ಷ ಸಲಕರಣೆಗೆ, ಉಳಿದದ್ದು ಐದು ವರ್ಷ ನಡೆಸುವ ಖರ್ಚಿಗೆ. ಆರ್ಡುಯಿನೊ ಬೋರ್ಡು, ಸೆನ್ಸರು, ಮೋಟಾರು, ತ್ರೀಡಿ ಪ್ರಿಂಟರು. ದೇಶದಲ್ಲಿ ಇಂಥ ಲ್ಯಾಬ್‌ಗಳು ಹತ್ತು ಸಾವಿರ ತಲುಪಿದವು. 2025ರ ಕೇಂದ್ರ ಬಜೆಟ್ಟಿನಲ್ಲಿ ಮುಂದಿನ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50,000 ಲ್ಯಾಬ್ ಎಂದು ಘೋಷಣೆಯಾಯಿತು. ಸಾಮಾನಿನ ಕೊರತೆ ನೀಗುವ ದಾರಿ ಕಾಣುತ್ತಿದೆ ಎಂದು ನನಗೆ ಸಂತೋಷವಾಗಿತ್ತು, ಈಗಲೂ ಇದೆ.

ಆದರೆ ಸಾಮಾನು ಬರುವುದು ಬೇರೆ, ಮಕ್ಕಳ ಕೈಗೆ ಸಿಗುವುದು ಬೇರೆ. ಒಂದು ಶಾಲೆಯಲ್ಲಿ ಗಾಜಿನ ಬಾಗಿಲ ಕಪಾಟಿನೊಳಗೆ ಎಲ್ಲವೂ ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಇತ್ತು. ಮುಖ್ಯೋಪಾಧ್ಯಾಯರು ಒಳ್ಳೆಯ ಮನುಷ್ಯ, ಮಕ್ಕಳ ಮೇಲೆ ಪ್ರೀತಿ ಇದ್ದವರು. "ಮೇಡಂ, ಸ್ಟಾಕ್ ರಿಜಿಸ್ಟರಿನಲ್ಲಿ ಒಂದು ಕಮ್ಮಿ ಆದ್ರೂ ಆಡಿಟ್ಟಲ್ಲಿ ನನ್ನನ್ನೇ ಕೇಳ್ತಾರೆ" ಎಂದರು. ಅವರ ಹೆದರಿಕೆ ಸುಳ್ಳಲ್ಲ. ವರ್ಗಾವಣೆಯ ದಿನ ಚಾರ್ಜ್ ಕೊಡುವಾಗ ಒಂದು ಬೋರ್ಡು ಕಾಣದಿದ್ದರೆ ಅವರ ಸಂಬಳದಿಂದ ಹೋಗುತ್ತದೆ ಎಂಬ ಲೆಕ್ಕ ತಲೆಯಲ್ಲಿ ಇದ್ದವರು ಕೀಲಿ ಕೈಬಿಡುವುದು ಹೇಗೆ?

ನಾವಿಬ್ಬರೂ ಕೂತು ರಿಜಿಸ್ಟರನ್ನೇ ಎರಡು ಭಾಗ ಮಾಡಿದೆವು. ಮಲ್ಟಿಮೀಟರು, ಬೆಸುಗೆ ಕಡ್ಡಿ, ಲ್ಯಾಪ್‌ಟಾಪು ಒಂದು ಕಡೆ. ಎಲ್‌ಇಡಿ, ರೆಸಿಸ್ಟರ್, ತಂತಿ, ಬ್ಯಾಟರಿ, ಸೀಸ ಇನ್ನೊಂದು ಕಡೆ, ಪ್ರಯೋಗಶಾಲೆಯ ಆಮ್ಲದಂತೆ ಬಳಸಿ ಮುಗಿಯುವ ಸಾಮಾನು ಎಂದು. ಎರಡನೆಯದಕ್ಕೆ ಬೀಗವಿಲ್ಲ. ಮೇಜಿನ ಮೇಲೆ ಒಂದು ಗಾಜಿನ ಶೀಶೆ ಇಟ್ಟೆವು. ಸುಟ್ಟ ಭಾಗವನ್ನು ಅದರೊಳಗೆ ಹಾಕಬೇಕು, ಹಾಕುವ ಮುಂಚೆ ಅದು ಯಾಕೆ ಸುಟ್ಟಿತು ಎಂದು ಪುಸ್ತಕದಲ್ಲಿ ಬರೆಯಬೇಕು. "ರೆಸಿಸ್ಟರ್ ಹಾಕಲಿಲ್ಲ" ಎಂಬುದೇ ಮೊದಲ ಪುಟದ ತುಂಬ. ಐದು ವೋಲ್ಟಿನಲ್ಲಿ ಕೆಂಪು ಎಲ್‌ಇಡಿ ಸುಮಾರು ಎರಡನ್ನು ಹಿಡಿದುಕೊಳ್ಳುತ್ತದೆ, ಉಳಿದ ಮೂರು ವೋಲ್ಟು 220 ಓಮ್‌ನ ರೆಸಿಸ್ಟರಿಗೆ. ಭಾಗಿಸಿದರೆ ಹದಿಮೂರು ಮಿಲಿ ಆಂಪಿಯರ್ ಚಿಲ್ಲರೆ, ಎಲ್‌ಇಡಿ ಸುಖವಾಗಿರುತ್ತದೆ. ಈ ಭಾಗಾಕಾರವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ನಾಟದ ಮಕ್ಕಳಿಗೆ, ಟಪ್ ಎಂದು ಆರಿಹೋದ ಒಂದು ಎಲ್‌ಇಡಿ ಅದನ್ನು ಶಾಶ್ವತವಾಗಿ ಕಲಿಸಿತು. ಅದರ ಬೆಲೆ ಒಂದೆರಡು ರೂಪಾಯಿ. ಓಮ್‌ನ ನಿಯಮವನ್ನು ಇದಕ್ಕಿಂತ ಅಗ್ಗವಾಗಿ ಕಲಿಸುವ ದಾರಿ ನನಗೆ ಗೊತ್ತಿಲ್ಲ.

ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಆಟೋ ಕಾಂಪ್ಲೆಕ್ಸ್ ಇದೆ. ಗ್ಯಾರೇಜು, ಲೇತ್, ವೆಲ್ಡಿಂಗ್, ಮೋಟಾರ್ ರೀವೈಂಡಿಂಗ್ ಅಂಗಡಿಗಳ ಸಾಲು. ಅಲ್ಲಿ ಕೆಲಸ ಮಾಡುವ ತಂದೆಯ ಮಗನೊಬ್ಬ ನಮ್ಮ ತರಗತಿಯಲ್ಲಿದ್ದ. ಇಂಗ್ಲಿಷ್ ಓದಲು ತಡವರಿಸುವವನು, ಕೊನೆಯ ಬೆಂಚು. ಮೊಳೆಗೆ ತಂತಿ ಸುತ್ತಿ ವಿದ್ಯುತ್ಕಾಂತ ಮಾಡುವ ದಿನ ಯಾರ ಮೊಳೆಯೂ ಒಂದು ಗುಂಡುಸೂಜಿಯನ್ನೂ ಎತ್ತಲಿಲ್ಲ. ಅವನು ಎದ್ದು ಬಂದು, ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದ. "ಮಿಸ್, ಇನಾಮಲ್ ಹೋಗ್ಬೇಕು. ಇಲ್ಲಾಂದ್ರೆ ಕರೆಂಟ್ ಒಳಗೇ ಹೋಗಲ್ಲ" ಎಂದ. ಅವನ ಮೊಳೆ ಸೂಜಿಗಳ ಗೊಂಚಲನ್ನೇ ಎತ್ತಿತು. ಸುತ್ತುಗಳು ಒಂದರ ಮೇಲೊಂದು ಏರದಂತೆ ಹೆಬ್ಬೆರಳಿನಿಂದ ಹೇಗೆ ಒತ್ತಬೇಕು, ಸುತ್ತು ಎಣಿಸುವಾಗ ತಪ್ಪದಿರಲು ಹತ್ತಕ್ಕೊಂದು ಗುರುತು ಹೇಗೆ ಹಾಕಬೇಕು ಎಂದು ಆಮೇಲೆ ಇಡೀ ತರಗತಿಗೆ ತೋರಿಸಿಕೊಟ್ಟವನು ಅವನೇ.

ಅವತ್ತಿನಿಂದ ನಾನು ಪ್ರತಿ ಹೊಸ ತರಗತಿಯಲ್ಲಿ ಮೊದಲು ಕೇಳುವುದು ಒಂದೇ: ನಿಮ್ಮ ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ? ಬೋರ್‌ವೆಲ್ ಪಂಪಿನ ಸ್ಟಾರ್ಟರ್ ರಿಪೇರಿ ಮಾಡುವ ಚಿಕ್ಕಪ್ಪ, ಮಾಚೇನಹಳ್ಳಿಯ ಫೌಂಡ್ರಿಗೆ ಹೋಗುವ ಅಣ್ಣ, ಹೊಲಿಗೆ ಯಂತ್ರದ ಟೆನ್ಷನ್ ಸರಿಮಾಡಿಕೊಳ್ಳುವ ಅಮ್ಮ, ಮದುವೆಮನೆಗೆ ಸೀರಿಯಲ್ ಸೆಟ್ ಕಟ್ಟುವ ಮಾವ. ಮಕ್ಕಳಿಗೆ ತ್ರೀ ಫೇಸ್ ಎಂದರೇನು, ಒಂದು ಫೇಸ್ ಹೋದರೆ ಪಂಪ್ ಯಾಕೆ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ ಎಂದು ಗೊತ್ತು. ಪಠ್ಯಪುಸ್ತಕಕ್ಕೆ ಗೊತ್ತಿಲ್ಲದ ಇಷ್ಟು ತಿಳಿವಳಿಕೆ ಹೊತ್ತು ಬಂದ ಮಗುವಿಗೆ 'ನಿನಗೇನೂ ಗೊತ್ತಿಲ್ಲ, ಈ ಕಿಟ್ಟಿನಿಂದ ಕಲಿ' ಎನ್ನುವುದು ಅನ್ಯಾಯ. ಅವರ ಮನೆಯ ಕೆಲಸದ ಮೇಲೆಯೇ ಹೊಸ ವಿದ್ಯೆಯ ಗೋಡೆ ಏಳಬೇಕು.

ಕೋಡಿಂಗ್ ವಿಷಯದಲ್ಲಿಯೂ ಹಾಗೆಯೇ. ಲ್ಯಾಪ್‌ಟಾಪುಗಳು ಕಡಿಮೆ, ಕರೆಂಟು ಹೋಗುತ್ತದೆ, ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಆದರೆ ಆರ್ಡುಯಿನೊ ಊನೊ ಬೋರ್ಡಿನ ಚಿಪ್ಪಿನಲ್ಲಿ 32 ಕಿಲೋಬೈಟಿನ ಫ್ಲ್ಯಾಶ್ ನೆನಪಿದೆ. ಒಮ್ಮೆ ಪ್ರೋಗ್ರಾಂ ತುಂಬಿಸಿದರೆ ಲ್ಯಾಪ್‌ಟಾಪ್ ಬಿಚ್ಚಿದರೂ ಅದು ಮರೆಯುವುದಿಲ್ಲ; ಬ್ಯಾಟರಿ ಕೊಟ್ಟರೆ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಹಾಗಾಗಿ ಒಂದೇ ಲ್ಯಾಪ್‌ಟಾಪಿನಿಂದ ಇಡೀ ತರಗತಿ ನಡೆಯಿತು. ಯಂತ್ರ ಏನು ಮಾಡಬೇಕು ಎಂದು ಮಕ್ಕಳು ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯುವರು: ಕತ್ತಲಾದರೆ ದೀಪ ಹತ್ತಲಿ, ಬೆಳಕಾದರೆ ಆರಲಿ, ನಡುವೆ ಮಿಣಮಿಣ ಅನ್ನದಿರಲಿ. ಪಕ್ಕದವರು ಆ ಬರಹವನ್ನು ಓದುತ್ತಾ ತಾವೇ ಯಂತ್ರವಾಗಿ ಆಡಿ ತೋರಿಸುವರು. ಎಲ್ಲಿ ಮುಗ್ಗರಿಸಿದರೋ ಅಲ್ಲಿ ತಿದ್ದುವರು. ಅದಾದ ಮೇಲೆ ಸಾಲಾಗಿ ಬಂದು ಕೋಡ್ ಹೊಡೆದು, ಬೋರ್ಡಿಗೆ ತುಂಬಿಸಿಕೊಂಡು ಹೋಗುವರು. ಕೀಲಿಮಣೆಯ ಮುಂದೆ ಕೂರುವ ಹೊತ್ತಿಗೆ ಯೋಚನೆಯ ಕೆಲಸ ಬಹುಪಾಲು ಮುಗಿದಿರುತ್ತಿತ್ತು.

ಈ ಕ್ರಮದ ಫಲ ಕಂಡದ್ದು ಮಳೆ ಗಂಟೆಯಲ್ಲಿ. ಹೊಸನಗರದ ಕಡೆಯ ಹಳ್ಳಿಯಿಂದ ಬಂದು ಹಾಸ್ಟೆಲ್ಲಿನಲ್ಲಿದ್ದ ಹುಡುಗಿ ಒಂಬತ್ತನೇ ತರಗತಿಯಲ್ಲಿದ್ದಳು. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ. ಸುಲಿದು, ಬೇಯಿಸಿ, ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಹಿಂಗಾರಿನ ಮಳೆ ಹೊಡೆದರೆ ಬಣ್ಣ ಹೋಗುತ್ತದೆ, ಬೂಷ್ಟು ಹಿಡಿಯುತ್ತದೆ, ಮಂಡಿಯಲ್ಲಿ ದರ ಬೀಳುತ್ತದೆ. ಮನೆಯವರು ತೋಟದಲ್ಲಿರುವಾಗ ಮೊದಲ ಹನಿ ಬಿದ್ದ ತಕ್ಷಣ ಕೂಗಿ ಹೇಳುವ ಯಂತ್ರ ಬೇಕು ಎಂದಳು. ತಾಮ್ರದ ಹಲಗೆಯ ಮೇಲೆ ಬಾಚಣಿಗೆಯ ಹಲ್ಲಿನಂತೆ ಎರಡು ಗೆರೆ, ನಡುವೆ ಹನಿ ಬಿದ್ದರೆ ವಿದ್ಯುತ್ ದಾಟುತ್ತದೆ, ಬೋರ್ಡು 0ಯಿಂದ 1023ರವರೆಗಿನ ಒಂದು ಅಂಕಿಯಾಗಿ ಅದನ್ನು ಓದುತ್ತದೆ. ಶಾಲೆಯಲ್ಲಿ ನಲ್ಲಿ ನೀರಿನಿಂದ ಚೆನ್ನಾಗಿ ಕೆಲಸ ಮಾಡಿತು. ಮಳೆ ನೀರಿನಲ್ಲಿ ಲವಣ ಕಡಿಮೆ, ವಿದ್ಯುತ್ ಅಷ್ಟು ಸುಲಭವಾಗಿ ದಾಟುವುದಿಲ್ಲ. ಆದ್ದರಿಂದ ಮಾಡಿನಿಂದ ಹಿಡಿದ ಮಳೆ ನೀರಿನಲ್ಲಿ ಮತ್ತೆ ಅಳೆದು ಮಿತಿಯನ್ನು ಹೊಸದಾಗಿ ಗೊತ್ತುಮಾಡಿದಳು.

ರಜೆಗೆ ಊರಿಗೆ ಒಯ್ದಳು. ಮರಳಿ ಬಂದವಳು, "ಮಿಸ್, ಬೆಳಗಿನ ಜಾವ ಸುಮ್ಮಸುಮ್ಮನೆ ಕೂಗತ್ತೆ. ಅಜ್ಜಿ ಬೈತಾರೆ" ಎಂದಳು. ಇಬ್ಬನಿ! ನಾನು ಉತ್ತರ ಹೇಳಲು ಹೋಗಲಿಲ್ಲ. ಇಬ್ಬನಿಗೂ ಮಳೆಗೂ ಏನು ವ್ಯತ್ಯಾಸ ಎಂದು ಗುಂಪು ಚರ್ಚೆಗೆ ಕೂತಿತು. ಇಬ್ಬನಿ ನಿಧಾನ, ಮಳೆ ಬೇಗ. ಹಾಗಾದರೆ ಅಂಕಿ ಎಷ್ಟಿದೆ ಎಂದು ನೋಡುವುದರ ಜೊತೆಗೆ, ಒಂದು ನಿಮಿಷದ ಹಿಂದೆ ಎಷ್ಟಿತ್ತು ಎಂದೂ ನೆನಪಿಟ್ಟುಕೊಂಡು, ಬದಲಾವಣೆ ದೊಡ್ಡದಿದ್ದರೆ ಮಾತ್ರ ಕೂಗಲಿ! ಪುಸ್ತಕದಲ್ಲಿ ಬದಲಾವಣೆಯ ದರ ಎಂದು ಕರೆಯುವುದನ್ನು ಅಡಿಕೆಯ ಅಂಗಳ ಆ ಮಕ್ಕಳಿಗೆ ಕಲಿಸಿತು. ಮುಂದೆ ತಾಮ್ರದ ಗೆರೆಗಳು ಹಸಿರು ಕಿಲುಬು ಹಿಡಿದು ಸವೆದವು. ಸದಾ ಒಂದೇ ದಿಕ್ಕಿನಲ್ಲಿ ವಿದ್ಯುತ್ ಹರಿದರೆ ತೇವದಲ್ಲಿ ಲೋಹ ಕರಗುತ್ತದೆ. ಓದುವ ಕ್ಷಣದಲ್ಲಿ ಮಾತ್ರ ಸೆನ್ಸರಿಗೆ ವಿದ್ಯುತ್ ಕೊಟ್ಟು, ಉಳಿದ ಹೊತ್ತು ಆರಿಸಿಟ್ಟರೆ ಹಲಗೆ ಹೆಚ್ಚು ಕಾಲ ಬಾಳುತ್ತದೆ ಎಂದು ಕೋಡಿನಲ್ಲಿ ಎರಡು ಸಾಲು ಸೇರಿಸಿದರು. ಆ ಎರಡು ಸಾಲಿನಲ್ಲಿ ರಸಾಯನಶಾಸ್ತ್ರವೂ ಇತ್ತು, ಮಿತವ್ಯಯವೂ ಇತ್ತು.

ಭದ್ರಾವತಿಯ ಶಾಲೆಯಲ್ಲಿ ನಡೆದದ್ದನ್ನು ಹೇಳದೆ ಈ ಬರಹ ಮುಗಿಯುವುದಿಲ್ಲ. ನೆಲದ ಮೇಲಿನ ಕಪ್ಪು ಟೇಪನ್ನು ಹಿಡಿದು ಓಡುವ ಪುಟ್ಟ ರೋಬೋಟನ್ನು ಮಕ್ಕಳು ಕಟ್ಟುತ್ತಿದ್ದರು. ಹಳದಿ ಗೇರಿನ ಬಿಓ ಮೋಟಾರುಗಳು, ಕೆಳಗೆ ಎರಡು ಐಆರ್ ಸೆನ್ಸರು. ಬೆಳಕು ಬಿಳಿ ನೆಲದಿಂದ ಮರಳಿ ಬರುತ್ತದೆ, ಕಪ್ಪು ಟೇಪಿನಿಂದ ಬರುವುದಿಲ್ಲ. ಅಷ್ಟೇ ಅದರ ಗುಟ್ಟು. ಆದರೆ ಮೋಟಾರ್ ತಿರುಗಲು ಶುರುವಾದ ಕೂಡಲೇ ಬೋರ್ಡು ಆರಿ ಮತ್ತೆ ಮೊದಲಿನಿಂದ ಎಚ್ಚರಗೊಳ್ಳುತ್ತಿತ್ತು. ಹುಡುಗರು ಕೋಡ್ ತಪ್ಪಿದೆ ಎಂದು ಫೋನಿನಲ್ಲಿ ಬೇರೆ ಕೋಡ್ ಹುಡುಕತೊಡಗಿದರು. ಹಳೇನಗರದ ಹುಡುಗಿಯೊಬ್ಬಳು ಮಾತ್ರ ಮಲ್ಟಿಮೀಟರ್ ಹಿಡಿದು ಬ್ಯಾಟರಿಯ ಮೇಲೆ ಇಟ್ಟಳು. ಮೋಟಾರ್ ತಿರುಗುವ ಕ್ಷಣಕ್ಕೆ ಅಂಕಿ ದಿಢೀರ್ ಇಳಿಯಿತು. "ತೋಟದ ಪಂಪ್ ಶುರು ಮಾಡಿದಾಗ ಮನೆ ಬಲ್ಬ್ ಮಂಕಾಗಲ್ವಾ ಮಿಸ್, ಅದೇ ಇದು" ಎಂದಳು. ನಿಂತ ಮೋಟಾರು ಹೊರಡುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಚೌಕಾಕಾರದ ಪುಟ್ಟ ಒಂಬತ್ತು ವೋಲ್ಟ್ ಬ್ಯಾಟರಿಗೆ ಅಷ್ಟು ತ್ರಾಣವಿಲ್ಲ.

ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟರು. ಈಗ ಬೋರ್ಡು ಆರಲಿಲ್ಲ, ಆದರೆ ಮೋಟಾರು ಮಾತು ಕೇಳಲಿಲ್ಲ. ಅವಳು ಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ ಒಂದೊಂದೇ ತಂತಿಯ ಎರಡು ತುದಿ ಮುಟ್ಟುತ್ತಾ ಹೋದಳು, ಮುಟ್ಟಿದ್ದನ್ನು ಚೀಟಿಯಲ್ಲಿ ಗುರುತಿಸುತ್ತಾ. ಕೊನೆಗೆ ಎರಡು ಬ್ಯಾಟರಿಗಳ ನೆಗೆಟಿವ್ ತುದಿ ಒಂದಕ್ಕೊಂದು ಸೇರಿಲ್ಲ ಎಂದು ಕಂಡಿತು. ಇಬ್ಬರಿಗೂ ಸೊನ್ನೆ ಎಲ್ಲಿ ಎಂಬುದು ಒಂದೇ ಆಗದಿದ್ದರೆ ಐದು ಎಂದರೆ ಯಾವ ಐದು? ಒಂದು ತಂತಿ ಸೇರಿಸಿದ್ದೇ ರೋಬೋಟ್ ಟೇಪಿನ ಮೇಲೆ ಹೊರಟಿತು.

ಇಷ್ಟು ತಾಳ್ಮೆ ಎಲ್ಲಿ ಕಲಿತೆ ಎಂದು ಕೇಳಿದೆ. "ತಾತ ಹೇಳಿದ್ದು" ಎಂದಳು. ತಾತ ಕಾರ್ಖಾನೆಯಲ್ಲಿ ಮೋಲ್ಡರ್ ಆಗಿದ್ದವರು. ಸಂಜೆ ಅವಳನ್ನು ಕರೆದೊಯ್ಯಲು ಬಂದಾಗ ಒಳಗೆ ಕರೆದು ಕೂರಿಸಿದೆವು. ಅವರು ಮಕ್ಕಳಿಗೆ ಹೇಳಿದ್ದು ಇಷ್ಟು: "ಎರಕ ಕೆಟ್ಟರೆ ಮರಳನ್ನ ಬೈಬಾರದು, ಕಬ್ಬಿಣನ ಬೈಬಾರದು. ಒಡೆದು ನೋಡಬೇಕು. ಗಾಳಿ ಗುಳ್ಳೆ ಎಲ್ಲಿ ಕೂತಿದೆ ಅಂತ ಕಂಡರೆ, ಗಾಳಿ ಹೋಗಕ್ಕೆ ದಾರಿ ಎಲ್ಲಿ ಇರಲಿಲ್ಲ ಅಂತ ಗೊತ್ತಾಗತ್ತೆ." ಬೆಂಗಳೂರಿನಲ್ಲಿ ನನ್ನ ವೃತ್ತಿಜೀವನದ ಉದ್ದಕ್ಕೂ ದೋಷ ಹುಡುಕುವ ವಿದ್ಯೆಯ ಬಗ್ಗೆ ಓದಿದ್ದೆಲ್ಲದರ ಸಾರ ಅದು. ಕುಲುಮೆಯಿಂದ ಮಲ್ಟಿಮೀಟರಿಗೆ, ತಾತನಿಂದ ಮೊಮ್ಮಗಳಿಗೆ ಆ ವಿದ್ಯೆ ದಾಟಿದ್ದನ್ನು ನಾನು ಕಣ್ಣಾರೆ ಕಂಡೆ.

ಅವಳ ಕೈಗೆ ಮಲ್ಟಿಮೀಟರ್ ತಾನಾಗಿ ಬಂದದ್ದಲ್ಲ. ಗುಂಪು ಮಾಡಿ ಬಿಟ್ಟರೆ ಬೆಸುಗೆ ಕಡ್ಡಿ ಹುಡುಗರ ಕೈ ಸೇರುತ್ತದೆ, ಅಂದವಾದ ಅಕ್ಷರದಲ್ಲಿ ರೆಕಾರ್ಡ್ ಬರೆಯುವ ಕೆಲಸ ಹುಡುಗಿಯರ ಪಾಲಾಗುತ್ತದೆ. ನಾನು ಓದುವಾಗಲೂ ಹೀಗೆಯೇ ಇತ್ತು. ಆದ್ದರಿಂದ ನಮ್ಮಲ್ಲಿ ಪಾಳಿಯ ನಿಯಮವಿದೆ: ಕಟ್ಟುವವರು, ಅಳೆಯುವವರು, ಬರೆಯುವವರು ಪ್ರತಿ ತರಗತಿಯಲ್ಲಿ ಬದಲಾಗಬೇಕು. ಕಾರ್ಖಾನೆಯ ಪಾಳಿ ನೋಡಿ ಬೆಳೆದ ಊರಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ದುಬಾರಿ ಕಿಟ್ ಇಲ್ಲದ ಶಾಲೆಗಳಲ್ಲಿ ನಮ್ಮ ಉಗ್ರಾಣ ಗುಜರಿ ಅಂಗಡಿ. ಹಳೇ ಪ್ರಿಂಟರಿನಲ್ಲಿ ಸ್ಟೆಪರ್ ಮೋಟಾರ್, ಡಿವಿಡಿ ಡ್ರೈವಿನಲ್ಲಿ ಪುಟ್ಟ ಮೋಟಾರು ಮತ್ತು ಗೇರುಗಳು, ಕೆಟ್ಟ ಆಟಿಕೆಗಳಲ್ಲಿ ಚಕ್ರ. ಕಟ್ಟುನಿಟ್ಟಿನ ನಿಯಮವೂ ಇದೆ: ಗೋಡೆಯ ಪ್ಲಗ್ಗಿಗೆ ಸೇರುವ ಯಾವುದನ್ನೂ ಮಕ್ಕಳು ಬಿಚ್ಚುವಂತಿಲ್ಲ, ಹಳೇ ಟೀವಿಯ ಪಿಕ್ಚರ್ ಟ್ಯೂಬನ್ನು ಮುಟ್ಟುವಂತಿಲ್ಲ. ಆರಿಸಿಟ್ಟರೂ ಅದರೊಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ. ಗುಜರಿಯಿಂದ ತಂದದ್ದನ್ನು ದೊಡ್ಡವರು ಮೊದಲು ಪರೀಕ್ಷಿಸಿ ಕೊಡುತ್ತೇವೆ.

ನಾವು ಬಳಸುವ ಆರ್ಡುಯಿನೊ ಬೋರ್ಡು ಹುಟ್ಟಿದ ಊರಿನ ಕಥೆ ಓದಿದಾಗ ನನಗೆ ಮೈ ಜುಮ್ಮೆಂದಿತು. ಉತ್ತರ ಇಟಲಿಯ ಇವ್ರೆಯಾ ಒಂದು ಕಾರ್ಖಾನೆ ಊರು. 1908ರಲ್ಲಿ ಅಲ್ಲಿ ಆಲಿವೆಟ್ಟಿ ಟೈಪ್‌ರೈಟರ್ ಕಾರ್ಖಾನೆ ಶುರುವಾಯಿತು; ಕಾರ್ಮಿಕರ ಮನೆ, ಮಕ್ಕಳ ಶಾಲೆ, ಗ್ರಂಥಾಲಯ ಎಲ್ಲವೂ ಅದರ ಸುತ್ತ ಬೆಳೆದವು. ಕಾಲ ಬದಲಾಯಿತು, ಕಾರ್ಖಾನೆ ಕುಗ್ಗಿತು. 2001ರಲ್ಲಿ ಆ ಊರಿನಲ್ಲಿ ವಿನ್ಯಾಸ ಕಲಿಸುವ ಸಣ್ಣ ಸಂಸ್ಥೆಯೊಂದು ತೆರೆಯಿತು. ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳೂ ಬಳಸಬಲ್ಲ ಅಗ್ಗದ ಬೋರ್ಡ್ ಬೇಕೆಂದು ಕೊಲಂಬಿಯಾದ ವಿದ್ಯಾರ್ಥಿ ಎರ್ನಾಂಡೊ ಬರಗಾನ್ ತನ್ನ ಪ್ರಬಂಧಕ್ಕಾಗಿ ವೈರಿಂಗ್ ಎಂಬ ವ್ಯವಸ್ಥೆ ಕಟ್ಟಿದ. ಅದರ ಮುಂದುವರಿಕೆಯಾಗಿ 2005ರಲ್ಲಿ ಮಾಸಿಮೊ ಬಾಂಜಿ ಮತ್ತು ಜೊತೆಗಾರರು ಆರ್ಡುಯಿನೊ ತಂದರು. ಆ ಸಂಸ್ಥೆಯೂ ಮುಚ್ಚುವ ಹಂತದಲ್ಲಿತ್ತು. ಅದು ಮುಚ್ಚಿದರೂ ಕೆಲಸ ಉಳಿಯಲಿ ಎಂದು ಬೋರ್ಡಿನ ನಕ್ಷೆಯನ್ನು ಯಾರು ಬೇಕಾದರೂ ಮಾಡಿಕೊಳ್ಳುವಂತೆ ಲೋಕಕ್ಕೆ ತೆರೆದಿಟ್ಟರು. ಹಾಗೆ ತೆರೆದಿಟ್ಟದ್ದರಿಂದಲೇ ಅದರ ಅಗ್ಗದ ಪ್ರತಿಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಿಗೆ, ಅಲ್ಲಿಂದ ಭದ್ರಾವತಿಯ ಬೆಂಚಿಗೆ ಬಂದವು. ಕುಗ್ಗಿದ ಕಾರ್ಖಾನೆಯ ಊರೊಂದು ತನ್ನಲ್ಲಿ ಉಳಿದಿದ್ದ ವಿದ್ಯೆಯನ್ನು ಹೊಸ ರೂಪಕ್ಕೆ ಎರಕ ಹೊಯ್ದು ಜಗತ್ತಿಗೆ ಹಂಚಿತು.

ಭದ್ರಾವತಿಗೂ ಆ ಶಕ್ತಿ ಇದೆ ಎಂದು ನಾನು ಮನಸಾರೆ ನಂಬುತ್ತೇನೆ. ಕಾರ್ಖಾನೆಯ ರಜತೋತ್ಸವದ ಹೆಸರು ಹೊತ್ತ ಸರ್ಕಾರಿ ಪಾಲಿಟೆಕ್ನಿಕ್ ಇಲ್ಲಿದೆ. ಶಿವಮೊಗ್ಗದಲ್ಲಿ 1980ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಮಾಚೇನಹಳ್ಳಿಯಲ್ಲಿ ಕೈಗಾರಿಕೆಗಳಿವೆ, ಆಟೋ ಕಾಂಪ್ಲೆಕ್ಸಿನಲ್ಲಿ ಪುಸ್ತಕ ಓದದೆ ಯಂತ್ರ ಓದುವ ನೂರಾರು ಕೈಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಅಳತೆ, ಎರಕ, ವೈಂಡಿಂಗ್, ದೋಷ ಹುಡುಕುವ ತಾಳ್ಮೆ ಇವನ್ನೆಲ್ಲ ಬಲ್ಲ ನಿವೃತ್ತ ಕಾರ್ಮಿಕರು ಎರಡೂ ಊರುಗಳ ಮನೆಮನೆಯಲ್ಲಿದ್ದಾರೆ. ಲ್ಯಾಬ್‌ಗಳ ಸಂಖ್ಯೆ ಹೆಚ್ಚುವುದು ಒಳ್ಳೆಯದೇ. ಆದರೆ ಆ ಲ್ಯಾಬುಗಳು ಈ ಜನರಿಂದ ದೂರ ಉಳಿದರೆ ಪೆಟ್ಟಿಗೆ ಬಂದು ಪೆಟ್ಟಿಗೆಯಾಗಿಯೇ ಹಳೆಯದಾಗುತ್ತದೆ.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ ನನ್ನ ಬೇಡಿಕೆ: ಕಪಾಟಿನ ಬೀಗ ತೆಗೆಯಿರಿ, ಬಳಸಿ ಮುಗಿಯುವ ಸಾಮಾನಿಗೆ ರಿಜಿಸ್ಟರಿನಲ್ಲಿ ಬೇರೆ ಪುಟ ಕೊಡಿ. ಇಲಾಖೆಯ ಅಧಿಕಾರಿಗಳಲ್ಲಿ: ಸುಟ್ಟ ಎಲ್‌ಇಡಿಯನ್ನು ನಷ್ಟವೆಂದು ಬರೆಯಬೇಡಿ, ಕಲಿಕೆಯ ಖರ್ಚೆಂದು ಬರೆಯಲು ದಾರಿ ಮಾಡಿಕೊಡಿ. ಪಾಲಿಟೆಕ್ನಿಕ್ ಮತ್ತು ಕಾಲೇಜಿನ ಹುಡುಗ ಹುಡುಗಿಯರಲ್ಲಿ: ನಿಮ್ಮ ಹಳೇ ಶಾಲೆಗೆ ಒಂದು ಸಂಜೆ ಹೋಗಿ ಬೆಂಚಿನ ಪಕ್ಕ ಕೂರಿ. ಮತ್ತು ಭದ್ರಾವತಿಯ ನನ್ನ ಹಿರಿಯರಲ್ಲಿ, ಅಪ್ಪನ ಜೊತೆ ಕೆಲಸ ಮಾಡಿದವರಲ್ಲಿ, ಅವರ ನಂತರ ಬಂದವರಲ್ಲಿ: ನಿಮಗೆ ಕೋಡಿಂಗ್ ಬರಬೇಕಿಲ್ಲ, ಇಂಗ್ಲಿಷ್ ಬರಬೇಕಿಲ್ಲ. ಅಳೆಯುವುದು ಹೇಗೆ, ಕೆಟ್ಟದ್ದನ್ನು ಹುಡುಕುವುದು ಹೇಗೆ, ಹಿಡಿದ ಕೆಲಸವನ್ನು ಮುಗಿಸುವುದು ಹೇಗೆ ಎಂದು ನಿಮಗೆ ಗೊತ್ತು. ಮಕ್ಕಳಿಗೆ ಈಗ ಬೇಕಾಗಿರುವುದು ಅದೇ. ವಾರಕ್ಕೊಂದು ಸಂಜೆ ಶಾಲೆಗೆ ಬನ್ನಿ. ಬೋರ್ಡು, ತಂತಿ, ಮೋಟಾರುಗಳನ್ನು ಒದಗಿಸುವ ಹೊಣೆ ನಮ್ಮದು.